ಹೋ ಜನರ ದೇಸೌಲಿ ವನ

ಜಾರ್ಖಂಡ್ ರಾಜ್ಯದ ಪಶ್ಚಿಮ ಸಿಂಗ್‌ಭೂಮ್ ಜಿಲ್ಲೆಯಲ್ಲಿ, ಸಾಲವೃಕ್ಷಗಳಿಂದ ನಿಬಿಡವಾದ ಸಾರಂಡಾ ಅರಣ್ಯದ ಆಸುಪಾಸಿನಲ್ಲಿ ನೆಲಸಿರುವ ಹೋ ಜನರು, ಪೂರ್ವಜರು ಕಾಡು ಕಡಿದು ಊರು ಕಟ್ಟಿದಾಗ ಕೊಡಲಿ ತಾಗಿಸದೆ ಉಳಿಸಿದ ಆದಿಮ ವನಖಂಡವೆಂದು ತಾವು ನಂಬುವ ದೇಸೌಲಿಯನ್ನು ಇಂದಿಗೂ ಗ್ರಾಮದೇವತೆಯ ನಿವಾಸವೆಂದು ಪೂಜಿಸುತ್ತಾರೆ. ಅಲ್ಲಿ ಗುಡಿಯಿಲ್ಲ, ವಿಗ್ರಹವಿಲ್ಲ, ಮರಗಳೇ ಎಲ್ಲ. ವಸಂತದಲ್ಲಿ ಸಾಲವೃಕ್ಷವು ಹೂತಾಗ ಜರುಗುವ ಬಾ ಪರಬ ಎಂಬ ಹಬ್ಬದಲ್ಲಿ, ದಿಯೂರಿಯೆಂಬ ಪೂಜಾರಿಯು ಆ ಪುಷ್ಪಗಳನ್ನು ದೇವತೆಗೆ ಅರ್ಪಿಸಿದ ತರುವಾಯವೇ ಹೆಂಗಳೆಯರು ಅವನ್ನು ಮುಡಿಯುವರು. ಅದೇ ಮರದ ಎಲೆಗಳನ್ನು ಸಣ್ಣ ಕಡ್ಡಿಯಿಂದ ಚುಚ್ಚಿ ಹೆಣೆದ ದೊನ್ನೆಯಲ್ಲಿ, ಅನ್ನವನ್ನು ಹುದುಗಿಸಿ ಮಾಡಿದ ಡಿಯಂಗ್ ಎಂಬ ಪಾನೀಯವು ಅತಿಥಿಗಳಿಗೆ ಸಲ್ಲುತ್ತದೆ. ಸಾರಂಡಾ ಆನೆಗಳ ನೆಲೆಯೂ ಹೌದು, ಕಬ್ಬಿಣದ ಅದಿರಿನ ಆಗರವೂ ಹೌದು. ಗಣಿಗಾರಿಕೆಯು ಆನೆಯ ಹಾದಿಯನ್ನೂ ಆದಿವಾಸಿಯ ಕಾಡನ್ನೂ ಏಕಕಾಲಕ್ಕೆ ಕುಗ್ಗಿಸಿರುವುದು ಶೋಚನೀಯ.