ಮೇಕ್ ಕಲಿಯುವುದು ಹೇಗೆ? ಹೊಸಬರು ಎಡವುವುದು ಎಲ್ಲಿ?

ದೊಡ್ಡ ಸಾಫ್ಟ್‌ವೇರ್ ಒಂದರಲ್ಲಿ ನೂರಾರು ಫೈಲ್‌ಗಳಿರುತ್ತವೆ. ಒಂದು ಫೈಲ್‌ನಲ್ಲಿ ಒಂದೇ ಸಾಲು ಬದಲಾದರೆ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡುವ ಅಗತ್ಯವಿಲ್ಲ. ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬಹುದು ಎಂದು ಲೆಕ್ಕ ಹಾಕಿ, ಬೇಕಾದಷ್ಟನ್ನೇ ಸರಿಯಾದ ಕ್ರಮದಲ್ಲಿ ಮಾಡುವ ಸಾಧನವೇ 'ಮೇಕ್'. ಲಿನಕ್ಸ್ ಕರ್ನಲ್ ಇಂದಿಗೂ ಇದರಿಂದಲೇ ಬಿಲ್ಡ್ ಆಗುತ್ತದೆ.

ಹುಟ್ಟಿದ್ದು ಹೇಗೆ?

1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಸ್ಟುವರ್ಟ್ ಫೆಲ್ಡ್‌ಮನ್ ಇದನ್ನು ಬರೆದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಸರಿಯಾಗಿಯೇ ಇದ್ದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ಒಂದು ಬೆಳಗನ್ನು ಕಳೆದಿದ್ದರು. ತಪ್ಪನ್ನು ಆಗಲೇ ತಿದ್ದಿದ್ದರೂ ಆ ಫೈಲ್ ಮತ್ತೆ ಕಂಪೈಲ್ ಆಗಿರಲಿಲ್ಲ. ಈ ಗೋಳು ತಪ್ಪಿಸಲು ಹುಟ್ಟಿದ ಮೇಕ್‌ಗಾಗಿ ಫೆಲ್ಡ್‌ಮನ್ ಅವರಿಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಸಂದಿತು.

ಒಂದು ನಿಯಮ, ಮೂರು ಭಾಗ

'ಮೇಕ್‌ಫೈಲ್' ಎಂಬ ಫೈಲ್‌ನಲ್ಲಿ ನಿಯಮಗಳನ್ನು ಬರೆಯಬೇಕು. ಕೋಲನ್ ಚಿಹ್ನೆಯ ಎಡಕ್ಕೆ ತಯಾರಾಗಬೇಕಾದ ಫೈಲ್, ಅಂದರೆ ಟಾರ್ಗೆಟ್. ಬಲಕ್ಕೆ ಅದು ಅವಲಂಬಿಸಿರುವ ಫೈಲ್‌ಗಳು. ಕೆಳಗಿನ ಸಾಲಿನಲ್ಲಿ ಅದನ್ನು ತಯಾರಿಸುವ ಕಮಾಂಡ್.

ಮೇಕ್ ಫೈಲ್‌ನ ಒಳಗೆ ಏನಿದೆ ಎಂದು ನೋಡುವುದಿಲ್ಲ, ನೋಡುವುದು ಸಮಯವನ್ನಷ್ಟೇ. ಟಾರ್ಗೆಟ್ ಇಲ್ಲದಿದ್ದರೆ, ಅಥವಾ ಬಲಗಡೆಯ ಯಾವುದಾದರೂ ಫೈಲ್ ಟಾರ್ಗೆಟ್‌ಗಿಂತ ಹೊಸದಾಗಿದ್ದರೆ ಕಮಾಂಡ್ ಓಡುತ್ತದೆ. ಇಲ್ಲವಾದರೆ ಎಲ್ಲವೂ 'ಅಪ್ ಟು ಡೇಟ್' ಎಂದು ಹೇಳಿ ಸುಮ್ಮನಾಗುತ್ತದೆ.

ಟ್ಯಾಬ್ ಕಾಟ

ಕಮಾಂಡ್ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಸ್ಪೇಸ್ ಒತ್ತಿದರೆ 'ಮಿಸ್ಸಿಂಗ್ ಸೆಪರೇಟರ್' ಎಂಬ ದೋಷ ಬರುತ್ತದೆ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುವುದರಿಂದ ಹೊಸಬರು ತಬ್ಬಿಬ್ಬಾಗುತ್ತಾರೆ. ಈ ನಿಯಮವನ್ನು ಬದಲಿಸಬಹುದಿತ್ತು. ಆದರೆ ಕೆಲವೇ ವಾರಗಳಲ್ಲಿ ಹತ್ತು ಹನ್ನೆರಡು ಮಂದಿ ಮೇಕ್ ಬಳಸತೊಡಗಿದ್ದರು, ಅವರಿಗೆ ತೊಂದರೆ ಆಗದಿರಲೆಂದು ಫೆಲ್ಡ್‌ಮನ್ ಹಾಗೆಯೇ ಬಿಟ್ಟರು. ಅದು ಇಂದಿಗೂ ಉಳಿದುಕೊಂಡಿದೆ.

ನಿಜವಾದ ಅಪಾಯ: ಬಿಟ್ಟುಹೋದ ಫೈಲ್

ಟ್ಯಾಬ್ ತಪ್ಪಿದರೆ ಮೇಕ್ ತಕ್ಷಣ ಹೇಳುತ್ತದೆ. ಅವಲಂಬನೆಯ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಏನೂ ಹೇಳುವುದಿಲ್ಲ.

ಬಡ್ಡಿ ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಇದೆ ಎಂದುಕೊಳ್ಳಿ. ಸಾಲಕ್ಕೆ ಒಂದು ಸಿ ಫೈಲ್, ಠೇವಣಿಗೆ ಇನ್ನೊಂದು. ಬಡ್ಡಿ ದರ ಇರುವುದು ಎರಡೂ ಬಳಸುವ ಒಂದು ಹೆಡರ್ ಫೈಲ್‌ನಲ್ಲಿ. ಮೇಕ್‌ಫೈಲ್‌ನಲ್ಲಿ ಹೆಡರ್ ಹೆಸರು ಬರೆದಿಲ್ಲ. ದರವನ್ನು 8ರಿಂದ 9ಕ್ಕೆ ಬದಲಿಸಿ ಮೇಕ್ ಓಡಿಸಿದರೆ 'ಅಪ್ ಟು ಡೇಟ್' ಎಂಬ ಉತ್ತರ ಬರುತ್ತದೆ. ಮರುದಿನ ಬೇರೇನೋ ಕಾರಣಕ್ಕೆ ಸಾಲದ ಫೈಲ್ ತಿದ್ದಿದರೆ ಅದೊಂದೇ ಕಂಪೈಲ್ ಆಗುತ್ತದೆ. ಈಗ ಸಾಲಕ್ಕೆ ಶೇ. 9, ಠೇವಣಿಗೆ ಶೇ. 8! ದೋಷ ಸಂದೇಶವಿಲ್ಲ, ಕೋಡ್ ಓದಿದರೂ ತಪ್ಪು ಕಾಣುವುದಿಲ್ಲ. ಜಾನ್ಸನ್ ಕಳೆದುಕೊಂಡ ಬೆಳಗು ಮತ್ತೆ ಬಂದಂತೆ.

ಇದಕ್ಕೆ ಪರಿಹಾರವಿದೆ. ಜಿಸಿಸಿ ಕಂಪೈಲರ್‌ಗೆ 'ಮೈನಸ್ ಎಂಎಂಡಿ' ಆಯ್ಕೆ ಕೊಟ್ಟರೆ ಯಾವ ಫೈಲ್ ಯಾವ ಹೆಡರ್ ಬಳಸುತ್ತದೆ ಎಂಬ ಪಟ್ಟಿಯನ್ನು ಅದೇ ಬರೆದಿಡುತ್ತದೆ. ಆ ಪಟ್ಟಿಗಳನ್ನು 'ಇನ್‌ಕ್ಲೂಡ್' ಸಾಲಿನ ಮೂಲಕ ಮೇಕ್‌ಫೈಲ್‌ಗೆ ಸೇರಿಸಿಕೊಂಡರಾಯಿತು.

ಕಲಿಯುವ ಕ್ರಮ

* ಉಬುಂಟುವಿನಲ್ಲಿ 'ಬಿಲ್ಡ್-ಎಸೆನ್ಷಿಯಲ್' ಪ್ಯಾಕೇಜ್ ಹಾಕಿಕೊಂಡರೆ ಮೇಕ್ ಮತ್ತು ಜಿಸಿಸಿ ಎರಡೂ ಸಿಗುತ್ತವೆ.
* ಎರಡು ಮೂರು ಫೈಲ್‌ಗಳ ಪುಟ್ಟ ಪ್ರೋಗ್ರಾಂ ಬರೆದು ಮೊದಲು ಕೈಯಿಂದಲೇ ಕಂಪೈಲ್ ಮಾಡಿ. ಬಳಸಿದ ಕಮಾಂಡ್‌ಗಳನ್ನೇ ಮೇಕ್‌ಫೈಲ್‌ಗೆ ಹಾಕಿ.
* ಮೇಕ್ ಅನ್ನು ಬೆನ್ನುಬೆನ್ನಿಗೆ ಎರಡು ಬಾರಿ ಓಡಿಸಿ. ಎರಡನೇ ಬಾರಿ ಅದು ಏನನ್ನೂ ಮಾಡಬಾರದು.
* 'ಟಚ್' ಕಮಾಂಡ್‌ನಿಂದ ಒಂದೊಂದೇ ಫೈಲ್‌ನ ಸಮಯ ಬದಲಿಸಿ, ಏನೇನು ಮತ್ತೆ ಕಂಪೈಲ್ ಆಗುತ್ತದೆ ನೋಡಿ. ಆಗಬೇಕಾದದ್ದು ಆಗದಿದ್ದರೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ ಎಂದರ್ಥ.
* 'ಮೈನಸ್ ಎನ್' ಆಯ್ಕೆ ಕಮಾಂಡ್‌ಗಳನ್ನು ಓಡಿಸದೆ ತೋರಿಸುತ್ತದೆ. ಕಲಿಯುವವರಿಗೆ ಇದು ಬಹಳ ಉಪಯುಕ್ತ.
* 'ಕ್ಲೀನ್'ನಂತಹ, ಫೈಲ್ ತಯಾರಿಸದ ಟಾರ್ಗೆಟ್‌ಗಳನ್ನು 'ಫೋನಿ' ಎಂದು ಘೋಷಿಸಿ. ಇಲ್ಲವಾದರೆ ಅದೇ ಹೆಸರಿನ ಫೈಲ್ ಫೋಲ್ಡರ್‌ನಲ್ಲಿದ್ದಾಗ ಅದು ಓಡುವುದಿಲ್ಲ.
* 'ಮೈನಸ್ ಜೆ' ಆಯ್ಕೆ ಹಲವು ಕೆಲಸಗಳನ್ನು ಏಕಕಾಲಕ್ಕೆ ಮಾಡಿಸುತ್ತದೆ. ಪಟ್ಟಿ ಅಪೂರ್ಣವಾಗಿದ್ದರೆ ಬಿಲ್ಡ್ ಒಮ್ಮೆ ಸರಿಯಾಗಿ, ಇನ್ನೊಮ್ಮೆ ಕೆಟ್ಟು ಗೊಂದಲ ಹುಟ್ಟಿಸುತ್ತದೆ. ಹಾಗಾಗಿ ಇದನ್ನು ಕೊನೆಗೆ ಕಲಿಯಿರಿ.

ಆಮೇಲೆ ಬಂದ ಸಾಧನಗಳು

ಜಾವಾ ಜಗತ್ತಿಗೆ ಆಂಟ್, ಮೇವನ್, ಗ್ರೇಡಲ್ ಬಂದವು. ಸಿಮೇಕ್ ಎಂಬುದು ಮೇಕ್‌ಫೈಲ್‌ಗಳನ್ನು ತಾನೇ ಬರೆದುಕೊಡುತ್ತದೆ. ಬರೆಯುವ ರೀತಿ ಬೇರೆಯಾದರೂ ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಸಾಧನಕ್ಕೆ ಸರಿಯಾಗಿ ತಿಳಿಸುವ ಕೆಲಸ ಎಲ್ಲ ಕಡೆಯೂ ಇದ್ದೇ ಇದೆ. ಮೇಕ್‌ನಲ್ಲಿ ಅದನ್ನು ಕಲಿತವರಿಗೆ ಉಳಿದವು ಕಷ್ಟವಾಗುವುದಿಲ್ಲ.