ಗೆರೆ ಅವಳದು, ಮಾತು ಯಾರದು?

ವ್ಯಂಗ್ಯಚಿತ್ರ ಬರೆಯುವುದು ಗಂಡಸರ ಕಸುಬೆಂದು ನಾವೆಲ್ಲ ಎಷ್ಟು ಸಲೀಸಾಗಿ ನಂಬಿಬಿಟ್ಟಿದ್ದೇವೆ! ಅಮೆರಿಕದ ‘ನ್ಯೂಯಾರ್ಕರ್’ ವಾರಪತ್ರಿಕೆ ಹುಟ್ಟಿದ್ದು 1925ರ ಫೆಬ್ರವರಿಯಲ್ಲಿ. ಆ ವರ್ಷವೇ ಹೆಲೆನ್ ಹೋಕಿನ್ಸನ್ ಮತ್ತು ಬಾರ್ಬರಾ ಶೆರ್ಮಂಡ್ ಎಂಬ ಇಬ್ಬರು ಹೆಂಗಸರು ಅದರ ಪುಟಗಳಲ್ಲಿ ನಗಿಸತೊಡಗಿದ್ದರು.

ಹೋಕಿನ್ಸನ್ ಬರೆದದ್ದು ನಡುವಯಸ್ಸಿನ, ಮೈ ತುಂಬಿಕೊಂಡ, ತಲೆಗೊಂದು ಹ್ಯಾಟು ಏರಿಸಿಕೊಂಡ ಸ್ಥಿತಿವಂತ ಹೆಂಗಸರನ್ನು. ಕ್ಲಬ್ಬಿನ ಸಭೆ, ಖಜಾಂಚಿಯ ವರದಿ, ಹ್ಯಾಟಿನಂಗಡಿ, ಇಷ್ಟರಲ್ಲೇ ಅವರ ಲೋಕ. ನಮ್ಮ ಮಹಿಳಾ ಸಮಾಜಗಳ ವಾರ್ಷಿಕೋತ್ಸವ ಕಂಡವರಿಗೆ ಇವರೇನೂ ಅಪರಿಚಿತರಲ್ಲ ಬಿಡಿ! ಇಪ್ಪತ್ತನಾಲ್ಕು ವರ್ಷಗಳಲ್ಲಿ ಆಕೆ ಬರೆದದ್ದು 1,800ಕ್ಕೂ ಹೆಚ್ಚು ಚಿತ್ರ, 68 ಮುಖಪುಟ. ಆದರೆ 1931ರಿಂದೀಚೆಗೆ ಅವುಗಳ ಅಡಿಬರಹವನ್ನು ಹೆಚ್ಚಾಗಿ ಬರೆದುಕೊಟ್ಟವನು ಜೇಮ್ಸ್ ರೀಡ್ ಪಾರ್ಕರ್ ಎಂಬ ಲೇಖಕ. ಅವನ ಮಾತುಗಳು ಸೊಗಸಾಗಿಯೇ ಇದ್ದವು, ಇಲ್ಲವೆನ್ನಲಾರೆ. ಆದರೂ ಓದುಗರು ಆ ಹೆಂಗಸರನ್ನು ಪೆದ್ದಿಯರೆಂದು ನಗತೊಡಗಿದಾಗ ನೊಂದವಳು ಅವರನ್ನು ಪ್ರೀತಿಯಿಂದ ಬರೆದ ಹೋಕಿನ್ಸನ್ನಳೇ. ಕೊನೆಕೊನೆಗೆ ಆಕೆ ಅವರ ಪರವಾಗಿ ಭಾಷಣ ಮಾಡುತ್ತ ಊರೂರು ತಿರುಗಿದಳು. 1949ರ ನವೆಂಬರ್ 1ರಂದು, ಸಹಾಯನಿಧಿಯೊಂದರ ಸಭೆಯಲ್ಲಿ ಮಾತಾಡಲೆಂದು ಹೊರಟಿದ್ದ ಆಕೆಯ ವಿಮಾನಕ್ಕೆ ವಾಷಿಂಗ್ಟನ್ ಬಳಿ ಯುದ್ಧವಿಮಾನವೊಂದು ಡಿಕ್ಕಿ ಹೊಡೆಯಿತು. ಅದರಲ್ಲಿದ್ದ 55 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಶೆರ್ಮಂಡಳ ಹುಡುಗಿಯರು ಬೇರೆ ಜಾತಿಯವರು. ಪಟ್ಟಣದಲ್ಲಿ ತಮ್ಮಷ್ಟಕ್ಕೆ ಬದುಕುವವರು, ಮದುವೆ, ಗಂಡ ಎಂದರೆ ಹೆಚ್ಚು ಭಯಭಕ್ತಿ ಇಲ್ಲದವರು. ಮೊದಮೊದಲು ಅವರ ಬಾಯಿಗೆ ಮಾತು ಕೊಟ್ಟವಳು ಶೆರ್ಮಂಡಳೇ. ಮುಂದೆ ಅಡಿಬರಹಗಳು ಬೇರೆಯವರಿಂದ ಬರತೊಡಗಿದ ಮೇಲೆ ಆ ನಾಲಿಗೆಯ ಹರಿತ ತಗ್ಗಿತು. ಗೆರೆ ಅಷ್ಟೇ ಚೆಂದ, ಮಾತು ಮಾತ್ರ ಯಾರದೋ.

ಇನ್ನು ಅಲ್ಲಿನ ವ್ಯಂಗ್ಯಚಿತ್ರಕಾರರ ರಾಷ್ಟ್ರೀಯ ಸಂಘದ ಕಥೆ ಕೇಳಿ. 1946ರಲ್ಲಿ ಹುಟ್ಟಿದ ಆ ಸಂಘಕ್ಕೆ ಹೆಂಗಸರನ್ನು ಸೇರಿಸುತ್ತಿರಲಿಲ್ಲ. ಹೆಂಗಸರೆದುರು ಗಂಡಸರು ಮನಸಾರೆ ಬಯ್ದಾಡಲಾಗದು ಎಂಬುದೂ ಒಂದು ಕಾರಣವಂತೆ! ‘ಹಾಗಾದರೆ ಹೆಸರಿನಲ್ಲಿ ಗಂಡಸರ ಸಂಘವೆಂದೇ ಹಾಕಿಕೊಳ್ಳಿ’ ಎಂಬರ್ಥದಲ್ಲಿ ಹಿಲ್ಡಾ ಟೆರಿ 1949ರಲ್ಲಿ ಪತ್ರ ಬರೆದಳು. ಮರುವರ್ಷ ಬಾಗಿಲು ತೆರೆಯಿತು. ಒಳಹೋದ ಮೊದಲ ಮೂವರು ಟೆರಿ, ಎಡ್ವಿನಾ ಡಮ್ ಮತ್ತು ಶೆರ್ಮಂಡ್.

ಶೆರ್ಮಂಡ್ 1978ರಲ್ಲಿ ತೀರಿಕೊಂಡಳು. ಆಕೆಯ ಚಿತಾಭಸ್ಮವನ್ನು ಒಯ್ಯುವವರಿರಲಿಲ್ಲ. ನ್ಯೂಜೆರ್ಸಿಯಲ್ಲಿ ಅಂತ್ಯಕ್ರಿಯೆ ಮಾಡಿಸುವ ಒಂದು ಸಂಸ್ಥೆಯಲ್ಲಿ ಅದು ಮೂವತ್ತಕ್ಕೂ ಹೆಚ್ಚು ವರ್ಷ ಹಾಗೆಯೇ ಇತ್ತು. ಬಂಧುವೊಬ್ಬಳು ಹುಡುಕಿಕೊಂಡು ಹೋಗಿ ಪತ್ತೆ ಮಾಡಿದಳು. 2019ರಲ್ಲಿ ಅದನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಆಕೆಯ ತಾಯಿಯ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು.