ಯುಎಸ್‌ಬಿ ತಂತಿಯ ಗುಂಯ್ ಸದ್ದು

ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಇಂದು ಮೈಸೂರು ಆಕಾಶವಾಣಿ ಇರುವುದು ಯಾದವಗಿರಿಯಲ್ಲಿ. ದನಿಗೆ ಕರೆಂಟಿನ ಗುಂಯ್ ಸದ್ದು ಅಂಟದಂತೆ ನೋಡಿಕೊಳ್ಳುವುದು ರೇಡಿಯೊ ಎಂಜಿನಿಯರುಗಳ ನಿತ್ಯದ ಕೆಲಸ. ತಂತಿಗೆ ತಂತಿ ಸೇರಿಸದೆ, ಕಾಂತಕ್ಷೇತ್ರದ ಮೂಲಕವೇ ದನಿ ದಾಟಿಸುವ ಟ್ರಾನ್ಸ್‌ಫಾರ್ಮರ್ ಅವರ ಹಳೆಯ ಉಪಾಯ. ಅದೇ ಬಡಾವಣೆಯ ಮನೆಯಲ್ಲಿ ಲ್ಯಾಪ್‌ಟಾಪಿಗೆ ಡ್ಯಾಕ್ (ಡಿಜಿಟಲ್ ಮಾಹಿತಿಯನ್ನು ದನಿಯ ಸಿಗ್ನಲಾಗಿಸುವ ಸಾಧನ) ಸಿಕ್ಕಿಸಿ ಹಾಡು ಕೇಳುವವರಿಗೂ ಇಂದು ಅದೇ ಕಾಟ. ಯುಎಸ್‌ಬಿ ಆಡಿಯೊ ಆ ಹಳೆಯ ಉಪಾಯಕ್ಕೆ ಬಂದು ಸೇರಿದ್ದು ಬಹಳ ಸುತ್ತಿ.

1996ರಲ್ಲಿ ಬಂದ ಯುಎಸ್‌ಬಿಗೆ ಮೌಸ್, ಕೀಲಿಮಣೆ, ಪ್ರಿಂಟರುಗಳೇ ಮುಖ್ಯವಾಗಿದ್ದವು. ಒಂದೇ ಕೇಬಲಿನಲ್ಲಿ ನಾಲ್ಕು ತಂತಿ: ಎರಡು ಮಾಹಿತಿಗೆ, ಒಂದು 5 ವೋಲ್ಟಿಗೆ, ಒಂದು ಗ್ರೌಂಡಿಗೆ. ಮೊದಲ ಪೀಳಿಗೆಯ ಡ್ಯಾಕ್‌ಗಳು ಹೆಚ್ಚಾಗಿ ಕಂಪ್ಯೂಟರಿನ ಗತಿಗೆ ತಮ್ಮ ಕ್ಲಾಕನ್ನು ಹೊಂದಿಸಿಕೊಳ್ಳುತ್ತಿದ್ದವು. ಗತಿ ಅಲುಗಿದರೆ ಜಿಟ್ಟರ್. ಆಗ ಎಲ್ಲ ದೂರೂ ಅದರ ಮೇಲೆಯೇ. ಅದಕ್ಕೆ ಮದ್ದಾಗಿ ಬಂದ ಅಸಿಂಕ್ರೊನಸ್ ವಿಧಾನದಲ್ಲಿ ಡ್ಯಾಕ್‌ನ ಸ್ಫಟಿಕದ ಕ್ಲಾಕೇ ಯಜಮಾನ. ಬೇಕಾದಷ್ಟು ಮಾಹಿತಿಯನ್ನು ಅದೇ ಕೇಳಿ ಪಡೆಯುತ್ತದೆ. ಅಮೆರಿಕದ ಗಾರ್ಡನ್ ರ‍್ಯಾಂಕಿನ್ ಅಂಥವರು ಇದನ್ನು ಮನೆಬಳಕೆಯ ಡ್ಯಾಕ್‌ಗಳಿಗೆ ತಂದರು, ಎಕ್ಸ್‌ಮಾಸ್ ಚಿಪ್‌ಗಳು ಅಗ್ಗವಾಗಿಸಿದವು. ಆ ಮಟ್ಟಿಗೆ ಜಿಟ್ಟರ್ ಬಗೆಹರಿದ ಪ್ರಶ್ನೆ ಎಂದೇ ನನ್ನ ಎಣಿಕೆ.

ಆದರೂ ಗದ್ದಲ ನಿಲ್ಲಲಿಲ್ಲ. ಹಳೆಯ ಯುಎಸ್‌ಬಿಯಲ್ಲಿ ಮಾಹಿತಿಯ ಕಂತು ಸಾಗುವುದು ಸೆಕೆಂಡಿಗೆ 1000 ಸಲ, 2000ದಲ್ಲಿ ಬಂದ ಯುಎಸ್‌ಬಿ 2.0ರಲ್ಲಿ 8000 ಸಲ. ಎರಡೂ ನಮ್ಮ ಕಿವಿಯ ವ್ಯಾಪ್ತಿಯೊಳಗೇ ಇವೆ! ಈ ಮಿಡಿತ 5 ವೋಲ್ಟಿನ ತಂತಿಗೂ ಗ್ರೌಂಡಿಗೂ ಸೋರಿದರೆ, ವಿನ್ಯಾಸ ಸಡಿಲವಾದ ಡ್ಯಾಕ್‌ನಲ್ಲಿ ಸಣ್ಣ ಸಿಳ್ಳೆಯಾಗಿ ಕೇಳುತ್ತದೆ. ಮೌಸ್ ಆಡಿಸಿದಾಗ ಸದ್ದು ಬದಲಾಗುವುದೂ ಇಂಥ ಸೋರಿಕೆಯಿಂದಲೇ.

ಇನ್ನೊಂದು ಕಾರಣ ಗ್ರೌಂಡ್ ಲೂಪ್. ಚಾರ್ಜರಿನ ಮೂರು ಪಿನ್ನಿನಿಂದ ಒಂದು ಅರ್ಥಿಂಗ್, ಆಂಪ್ಲಿಫೈಯರಿನಿಂದ ಮತ್ತೊಂದು. ನಡುವೆ ಯುಎಸ್‌ಬಿಯ ಗ್ರೌಂಡ್ ಸೇರಿ ಸುತ್ತು ಪೂರ್ತಿಯಾಗುತ್ತದೆ. ಆಗ 50 ಹರ್ಟ್ಸಿನ ಗುಂಯ್. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ಹೋದರೆ ಕಾರಣ ಸಿಕ್ಕಂತೆ. ಚಾರ್ಜರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ತಗ್ಗುತ್ತದೆ. ಸದ್ದು ತಡೆಯಲೆಂದು ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ಅದು ಜೀವಕ್ಕೇ ಅಪಾಯ, ಖಂಡಿತ ಕೂಡದು.

2010ರ ದಶಕದಲ್ಲಿ ಫಿಲ್ಟರುಗಳು, ಬೇರೆ 5 ವೋಲ್ಟ್ ಸಪ್ಲೈಗಳು, ಸಿಗ್ನಲನ್ನು ಹೊಸದಾಗಿ ರೂಪಿಸುವ ಪೆಟ್ಟಿಗೆಗಳು ಮಾರುಕಟ್ಟೆ ತುಂಬಿದವು. ಒಳ್ಳೆಯ ಡ್ಯಾಕ್‌ನಲ್ಲಿ ಇವುಗಳಲ್ಲಿ ಹೆಚ್ಚಿನವು ಅಳತೆಗೆ ಸಿಗುವ ವ್ಯತ್ಯಾಸವನ್ನೇ ತರುವುದಿಲ್ಲ. ಬೆಲೆಯೇನೋ ಡ್ಯಾಕ್‌ನದನ್ನೇ ಮುಟ್ಟುವುದುಂಟು. ನಿಜವಾದ ತಿರುವು ಎರಡು ಕಡೆಯ ವಿದ್ಯುತ್ ನಂಟು ಕಡಿಯುವ ಐಸೊಲೇಟರಿನದು. ಅನಲಾಗ್ ಡಿವೈಸಸ್ ಕಂಪನಿಯ ಎಡಿಯುಎಂ4160 ಚಿಪ್ಪಿನೊಳಗೆ ಪುಟಾಣಿ ಟ್ರಾನ್ಸ್‌ಫಾರ್ಮರುಗಳಿವೆ. ಮಾಹಿತಿ ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಅದರ ಮಿತಿ ಸೆಕೆಂಡಿಗೆ 12 ಮೆಗಾಬಿಟ್. 480 ಮೆಗಾಬಿಟ್ಟಿನ ಐಸೊಲೇಟರುಗಳು ಆಮೇಲೆ ಬಂದವು.

ಲ್ಯಾಪ್‌ಟಾಪಿನಲ್ಲೂ ಡ್ಯಾಕ್‌ನಲ್ಲೂ ಆಪ್ಟಿಕಲ್ ಕಿಂಡಿ ಇದ್ದರೆ ಇದ್ಯಾವುದೂ ಬೇಡ. ತೋಷಿಬಾ 1983ರಲ್ಲಿ ತಂದ ಆ ಎಳೆಯಲ್ಲಿ ಹರಿಯುವುದು ಬರೀ ಬೆಳಕು. ಐಸೊಲೇಟರನ್ನೇ ಕೊಳ್ಳುವುದಾದರೆ ಅದರ ವೇಗ ಕೇಳಿ ಕೊಳ್ಳಿ: 12 ಮೆಗಾಬಿಟ್ಟಿನದರಲ್ಲಿ 24 ಬಿಟ್, 96 ಕಿಲೋಹರ್ಟ್ಸ್ ಮೀರಿದ ಸ್ಟೀರಿಯೊ ಹಾಡು ಸಾಗದು, ವೇಗದ ಕೊಂಡಿಯೇ ಬೇಕೆನ್ನುವ ಕೆಲವು ಡ್ಯಾಕ್‌ಗಳು ಕೆಲಸವನ್ನೇ ಮಾಡವು.